ಶ್ರಾವಣ ಮಾಸದ ವ್ರತಾಚರಣೆ: ಮೈಸೂರು–ಮಂಡ್ಯ ಸೀಮೆಯ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಹರಿದ ಜನಪ್ರವಾಹ ತಗ್ಗಿ, ಭೀಮನ ಅಮಾವಾಸ್ಯೆಯ ದೀಪಪೂಜೆ ಮುಗಿದ ಮರುದಿನದಿಂದ ನಮ್ಮ ಸೀಮೆಯಲ್ಲಿ ಶ್ರಾವಣ ಆರಂಭವಾಗುತ್ತದೆ. ಚಾಂದ್ರಮಾನದ ಐದನೆಯ ಮಾಸವಾದ ಇದರಲ್ಲಿ ವಾರಕ್ಕೊಂದು ವ್ರತ, ತಿಥಿಗೊಂದು ಹಬ್ಬ. ಎಲ್ಲವನ್ನೂ ಮಾಡುತ್ತೇವೆಂದು ಉತ್ಸಾಹದಿಂದ ಹೊರಟ ಮನೆಗಳು ಎರಡನೆಯ ವಾರಕ್ಕೇ ದಣಿದು, ಹಿಡಿದ ವ್ರತವನ್ನು ನಡುವೆ ಬಿಟ್ಟು, ಆಮೇಲೆ ವರ್ಷವಿಡೀ ಅದನ್ನೇ ನೆನೆದು ಕೊರಗುವುದು ಅಪರೂಪವಲ್ಲ. ಆದ್ದರಿಂದ ಈ ಬರಹದ ಉದ್ದಕ್ಕೂ ಒಂದೇ ಮಾತನ್ನು ಒತ್ತಿ ಹೇಳಲಾಗಿದೆ: ತಿಂಗಳು ಹುಟ್ಟುವ ಮೊದಲೇ ಕುಳಿತು ಯೋಚಿಸಿ, ಮನೆಯ ಪದ್ಧತಿಗೂ ದೇಹದ ಶಕ್ತಿಗೂ ಹೊಂದುವ ಒಂದೆರಡು ವ್ರತಗಳನ್ನಷ್ಟೇ ಆರಿಸಿಕೊಂಡು, ಅವುಗಳನ್ನು ಕೊನೆಯವರೆಗೆ ನಡೆಸಬೇಕು.

ಮೊದಲ ಕೆಲಸ: ಪಂಚಾಂಗ ನೋಡುವುದು

ಕರ್ನಾಟಕದಲ್ಲಿ ಅಮಾಂತ ಪದ್ಧತಿ ನಡೆಯುತ್ತದೆ. ಅಂದರೆ ಅಮಾವಾಸ್ಯೆಗೆ ತಿಂಗಳು ಮುಗಿದು, ಮರುದಿನದ ಪಾಡ್ಯದಿಂದ ಹೊಸ ತಿಂಗಳು ಹುಟ್ಟುತ್ತದೆ. ಉತ್ತರ ಭಾರತದ ಪೂರ್ಣಿಮಾಂತ ಪದ್ಧತಿಯಲ್ಲಿ ಹುಣ್ಣಿಮೆಯ ಮರುದಿನವೇ ತಿಂಗಳು ಬದಲಾಗುವುದರಿಂದ ಅಲ್ಲಿಯ ಶ್ರಾವಣ ನಮಗಿಂತ ಹದಿನೈದು ದಿನ ಮುಂಚೆ ಶುರುವಾಗುತ್ತದೆ. ದೂರದರ್ಶನದಲ್ಲಿ, ಮೊಬೈಲಿನಲ್ಲಿ ‘ಶ್ರಾವಣದ ಮೊದಲ ಸೋಮವಾರ’ ಎಂದು ಕಂಡದ್ದನ್ನು ನಂಬಿ ಆಷಾಢದಲ್ಲೇ ವ್ರತ ಹಿಡಿಯುವ ಗೊಂದಲಕ್ಕೆ ಇದೇ ಕಾರಣ. ಮೈಸೂರಿನಲ್ಲೇ ಪ್ರಕಟವಾಗುವ ಒಂಟಿಕೊಪ್ಪಲು ಪಂಚಾಂಗ ಇಲ್ಲಿಯ ಬಹುಪಾಲು ಮನೆಗಳಲ್ಲಿ ಗೂಡಿನ ಪಕ್ಕದ ಮೊಳೆಗೆ ನೇತಾಡುತ್ತಿರುತ್ತದೆ. ಮಾಧ್ವರು ತಮ್ಮ ಮಠದ ಪಂಚಾಂಗವನ್ನೂ, ಶ್ರೀವೈಷ್ಣವರು ತಮ್ಮ ಸಂಪ್ರದಾಯದ ಪಂಚಾಂಗವನ್ನೂ ಅನುಸರಿಸುತ್ತಾರೆ. ಯಾವುದನ್ನು ಹಿಡಿದರೂ ತಿಂಗಳ ಉದ್ದಕ್ಕೂ ಅದೊಂದನ್ನೇ ನೋಡಬೇಕು. ಎರಡು ಪಂಚಾಂಗಗಳನ್ನು ಪಕ್ಕಪಕ್ಕದಲ್ಲಿಟ್ಟುಕೊಂಡರೆ ಏಕಾದಶಿಯ ದಿನವೇ ಜಗಳ ಹುಟ್ಟುತ್ತದೆ.

ಅಧಿಕ ಮಾಸ ಬಂದ ವರ್ಷ ಇನ್ನಷ್ಟು ಎಚ್ಚರ ಬೇಕು. 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣವಿತ್ತು. ವ್ರತಗಳಿಗೆ ಸಲ್ಲುವ ನಿಜ ಶ್ರಾವಣ ಆಗಸ್ಟ್ 17ಕ್ಕೆ ಆರಂಭವಾಯಿತು, ವರಮಹಾಲಕ್ಷ್ಮಿ ಹಬ್ಬ ಆಗಸ್ಟ್ 25ಕ್ಕೆ ಬಂತು. ಅಧಿಕ ಮಾಸದಲ್ಲಿ ಜಪ, ದಾನ, ಪಾರಾಯಣಗಳು ಶ್ರೇಷ್ಠವೇ ಹೊರತು ಮಂಗಳ ಗೌರಿ, ವರಮಹಾಲಕ್ಷ್ಮಿಯಂತಹ ವ್ರತಗಳನ್ನು ಆಗ ಮಾಡುವುದಿಲ್ಲ. ಹೊಸದಾಗಿ ವ್ರತ ಹಿಡಿಯುವವರು ಮತ್ತು ವ್ರತವನ್ನು ಮುಗಿಸುವ ಉದ್ಯಾಪನೆ ಮಾಡುವವರು ಗುರು–ಶುಕ್ರರ ಅಸ್ತ (ಸೂರ್ಯನ ಸಮೀಪ ಬಂದು ಕಣ್ಣಿಗೆ ಕಾಣದಿರುವ ಕಾಲ) ಇದೆಯೇ ಎಂಬುದನ್ನೂ ಪುರೋಹಿತರಲ್ಲಿ ಕೇಳಿಕೊಳ್ಳಬೇಕು. ಈಗಾಗಲೇ ನಡೆಸಿಕೊಂಡು ಬಂದ ವ್ರತಕ್ಕೆ ಆ ಅಡ್ಡಿ ಇಲ್ಲ.

ಒಂದು ಹಾಳೆಯಲ್ಲಿ ಆ ತಿಂಗಳ ಸೋಮವಾರ, ಮಂಗಳವಾರ, ಶುಕ್ರವಾರ, ಶನಿವಾರಗಳ ತಾರೀಖುಗಳನ್ನೂ, ನಾಗರ ಪಂಚಮಿ, ಎರಡು ಏಕಾದಶಿ, ಹುಣ್ಣಿಮೆ, ಅಷ್ಟಮಿ, ಅಮಾವಾಸ್ಯೆಗಳನ್ನೂ ಬರೆದು ದೇವರ ಮನೆಯ ಬಾಗಿಲಿಗೆ ಅಂಟಿಸಿಬಿಡಿ. ಅದರ ಎದುರಿಗೆ ರಜೆ ಸಿಗುವ ದಿನ, ಮಕ್ಕಳ ಪರೀಕ್ಷೆ, ಊರಿಗೆ ಹೋಗುವ ದಿನಗಳನ್ನೂ ಗುರುತಿಸಿದರೆ ಯಾವ ವ್ರತ ನಡೆಯಬಲ್ಲದು ಎಂಬುದು ತಾನಾಗಿ ಕಾಣುತ್ತದೆ.

ಯಾವ ವ್ರತವನ್ನು ಹಿಡಿಯಬೇಕು

ಮನೆತನದಲ್ಲಿ ಮೊದಲಿನಿಂದ ನಡೆದು ಬಂದದ್ದಕ್ಕೆ ಮೊದಲ ಸ್ಥಾನ. ತಿರುಪತಿ ತಿಮ್ಮಪ್ಪನ ಒಕ್ಕಲಿನವರಿಗೆ ಶನಿವಾರ, ನಂಜುಂಡೇಶ್ವರನ ಒಕ್ಕಲಿನವರಿಗೆ ಸೋಮವಾರ, ಮದುವೆಯಾಗಿ ಐದು ವರ್ಷ ತುಂಬದ ಹೆಣ್ಣುಮಕ್ಕಳಿಗೆ ಮಂಗಳ ಗೌರಿ, ಕಳಶವಿಡುವ ಪದ್ಧತಿ ಇರುವ ಮನೆಗೆ ವರಮಹಾಲಕ್ಷ್ಮಿ. ಲಿಂಗಾಯತ ಮನೆಗಳಲ್ಲಿ ತಿಂಗಳಿಡೀ ಇಷ್ಟಲಿಂಗ ಪೂಜೆಯ ನೇಮವನ್ನು ಬಿಗಿಗೊಳಿಸಿ, ಸಂಜೆ ಮಠದಲ್ಲಿ ಪುರಾಣ–ಪ್ರವಚನ ಕೇಳುವುದೇ ಮುಖ್ಯ ಆಚರಣೆ. ಮಾಧ್ವರ ಮನೆಗಳಲ್ಲಿ ಆಷಾಢ ಶುದ್ಧ ಏಕಾದಶಿಯಿಂದಲೇ ನಾಲ್ಕು ತಿಂಗಳ ವ್ರತವಾದ ಚಾತುರ್ಮಾಸ್ಯ ನಡೆಯುತ್ತಿರುತ್ತದೆ. ಮೊದಲ ತಿಂಗಳ ಶಾಕವ್ರತದಲ್ಲಿ ತರಕಾರಿ, ಹುಣಿಸೆ, ಮೆಣಸಿನಕಾಯಿಗಳನ್ನು ಬಿಟ್ಟು ಮಾವಿನಕಾಯಿಯ ಹುಳಿ, ಕಾಳುಮೆಣಸು, ಹೆಸರುಬೇಳೆಗಳಲ್ಲಿ ಅಡುಗೆ ಸಾಗುತ್ತದೆ. ಶ್ರಾವಣ ಶುದ್ಧ ಪಕ್ಷದ ಏಕಾದಶಿ–ದ್ವಾದಶಿಯ ಹೊತ್ತಿಗೆ ಅದು ಮುಗಿದು ಮೊಸರನ್ನು ಬಿಡುವ ದಧಿವ್ರತ ಆರಂಭವಾಗುತ್ತದೆ. ಮಂಡ್ಯದ ಹಳ್ಳಿಗಳಲ್ಲಿ ಭೀಮನ ಅಮಾವಾಸ್ಯೆಯಿಂದ ಗೌರಿ–ಗಣೇಶನವರೆಗೆ ಬಾಡು ಮುಟ್ಟದ ಮನೆಗಳು ಬೇಕಾದಷ್ಟಿವೆ. ಬೇರೇನನ್ನೂ ಮಾಡಲಾಗದ ದುಡಿಯುವ ಕುಟುಂಬಕ್ಕೆ ಅದೊಂದೇ ಸಂಪೂರ್ಣವಾದ ನೇಮವಾಗುತ್ತದೆ. ಅದನ್ನು ಕಡಿಮೆಯೆಂದು ಯಾರೂ ತಿಳಿಯಬಾರದು.

ಹೊಸದಾಗಿ ಆರಂಭಿಸುವವರು ಒಂದು ವಾರದ ವ್ರತ ಮತ್ತು ಒಂದು ದಿನದ ಹಬ್ಬ, ಇಷ್ಟಕ್ಕೆ ನಿಲ್ಲಿಸುವುದು ಒಳ್ಳೆಯದು. ಉದಾಹರಣೆಗೆ, ಸೋಮವಾರಗಳ ಒಪ್ಪತ್ತು ಮತ್ತು ವರಮಹಾಲಕ್ಷ್ಮಿ ಪೂಜೆ. ಶ್ರಾವಣದಲ್ಲಿ ಪ್ರತಿಯೊಂದು ವಾರವೂ ನಾಲ್ಕು ಅಥವಾ ಐದು ಸಲ ಬರುತ್ತದೆ. ಅಷ್ಟನ್ನೂ ತಪ್ಪದೆ ನಡೆಸುವುದೇ ಸಾಕಷ್ಟು ದೊಡ್ಡ ಕೆಲಸ.

ಉಪವಾಸದ ಬಗೆಯನ್ನು ನಿರ್ಧರಿಸುವುದು

ಉಪವಾಸಗಳೆಲ್ಲವೂ ಒಂದೇ ರೀತಿಯವಲ್ಲ. ನೀರನ್ನೂ ಮುಟ್ಟದ ನಿರ್ಜಲ ಉಪವಾಸ ಏಕಾದಶಿಯನ್ನು ಕಟ್ಟುನಿಟ್ಟಾಗಿ ಆಚರಿಸುವವರದು. ಅವರು ದಶಮಿಯಂದು ಒಂದೇ ಹೊತ್ತು ಉಂಡು, ಏಕಾದಶಿಯನ್ನು ಕಳೆದು, ದ್ವಾದಶಿಯ ಬೆಳಿಗ್ಗೆ ಪಂಚಾಂಗದಲ್ಲಿ ಕೊಟ್ಟಿರುವ ಅವಧಿಯೊಳಗೆ ಉಪವಾಸ ಬಿಡುವ ಊಟವಾದ ಪಾರಣೆ ಮಾಡುತ್ತಾರೆ. ಹಾಲು–ಹಣ್ಣುಗಳಲ್ಲಿ ದಿನ ಕಳೆಯುವುದು ಫಲಾಹಾರ. ಮಧ್ಯಾಹ್ನ ಒಮ್ಮೆ ಮಾತ್ರ ಉಣ್ಣುವುದು ಏಕಭುಕ್ತ. ಹಗಲು ಉಪವಾಸವಿದ್ದು ಸೂರ್ಯಾಸ್ತದ ನಂತರ ಪೂಜೆ ಮುಗಿಸಿ ಉಣ್ಣುವುದು ನಕ್ತ. ಶ್ರಾವಣ ಸೋಮವಾರಕ್ಕೆ ನಕ್ತವೇ ಪ್ರಶಸ್ತ. ನಮ್ಮ ಕಡೆ ‘ಒಪ್ಪತ್ತು’ ಎಂದರೆ ಒಂದು ಹೊತ್ತು ಅನ್ನ, ಇನ್ನೊಂದು ಹೊತ್ತು ಫಲಾಹಾರ ಎಂಬ ರೂಢಿಯಿದೆ. ಬೇಯಿಸಿದ ಅನ್ನ ಮುಸುರೆಯಾದ್ದರಿಂದ ಆ ಇನ್ನೊಂದು ಹೊತ್ತಿಗೆ ಅವಲಕ್ಕಿ, ರವೆ ಉಪ್ಪಿಟ್ಟು, ಹಣ್ಣು, ಹಾಲು ನಡೆಯುತ್ತವೆ. ಈರುಳ್ಳಿ–ಬೆಳ್ಳುಳ್ಳಿ ಎರಡು ಹೊತ್ತಿಗೂ ಬೇಡ.

ಆರೋಗ್ಯದ ವಿಷಯವನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ವ್ರತದ ಹೆಸರಿನಲ್ಲಿ ಮಾತ್ರೆ ನಿಲ್ಲಿಸುವ ಹಿರಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಧರ್ಮಶಾಸ್ತ್ರದಲ್ಲಿ ವ್ರತವನ್ನು ಕೆಡಿಸದ ಎಂಟು ಸಂಗತಿಗಳನ್ನು ಹೇಳುವ ಪ್ರಸಿದ್ಧ ಶ್ಲೋಕವೊಂದಿದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು ಮತ್ತು ಔಷಧ. ಔಷಧ ನುಂಗಿದರೆ ವ್ರತಭಂಗವಾಗುತ್ತದೆ ಎಂಬ ಭಯಕ್ಕೆ ಶಾಸ್ತ್ರದಲ್ಲೇ ಆಧಾರವಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಎಷ್ಟು ಹೊತ್ತು ಉಪವಾಸವಿರಬಹುದು, ಆ ದಿನದ ಪ್ರಮಾಣವೆಷ್ಟು ಎಂಬುದನ್ನು ತಿಂಗಳು ಆರಂಭವಾಗುವ ಮೊದಲೇ ವೈದ್ಯರಲ್ಲಿ ಕೇಳಬೇಕು. ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ, ಇಲ್ಲವೇ ಕೈ ನಡುಕ, ಬೆವರು, ತಲೆಸುತ್ತು ಕಾಣಿಸಿಕೊಂಡರೆ ತಕ್ಷಣ ಸಕ್ಕರೆ ನೀರನ್ನೋ ಹಣ್ಣಿನ ರಸವನ್ನೋ ಕುಡಿದು ಉಪವಾಸ ಬಿಡಬೇಕು. ಗರ್ಭಿಣಿಯರು, ಎಳೆಯ ಬಾಣಂತಿಯರು, ಚಿಕ್ಕ ಮಕ್ಕಳು ಉಪವಾಸ ಮಾಡಬೇಕಾಗಿಲ್ಲ. ಪೂಜೆಯಲ್ಲಿ ಕುಳಿತು ಕಥೆ ಕೇಳಿದರೆ ಸಾಕು.

ಅಮಾವಾಸ್ಯೆಗೆ ಮುನ್ನ ಸಿದ್ಧತೆ

ಒಂದು ವಾರ ಮೊದಲು ದೇವರ ಮನೆಯ ಜೇಡ ತೆಗೆದು, ಹಿತ್ತಾಳೆ–ತಾಮ್ರದ ಪಾತ್ರೆಗಳನ್ನು ಹುಣಿಸೆಹಣ್ಣಿನಿಂದ ಬೆಳಗಿ, ಬೆಳ್ಳಿಯದನ್ನು ವಿಭೂತಿಯಿಂದ ಉಜ್ಜಿಡಿ. ಅರಿಶಿನ, ಕುಂಕುಮ, ಅಕ್ಷತೆ, ಗಂಧದ ಕೊರಡು, ಕರ್ಪೂರ, ಊದುಬತ್ತಿ, ಗೆಜ್ಜೆವಸ್ತ್ರ, ಹೂಬತ್ತಿ, ಅಡಿಕೆ, ಜೇನುತುಪ್ಪ, ಕೊಬ್ಬರಿ ಬಟ್ಟಲುಗಳನ್ನು ತಿಂಗಳಿಗಾಗುವಷ್ಟು ಒಮ್ಮೆಗೇ ತಂದಿಟ್ಟರೆ ಆಮೇಲೆ ಅಂಗಡಿಗೆ ಓಡಾಡುವ ಕೆಲಸ ತಪ್ಪುತ್ತದೆ. ಗೆಜ್ಜೆವಸ್ತ್ರ ಮತ್ತು ಬತ್ತಿಗಳನ್ನು ಮನೆಯ ಅಜ್ಜಿಯರು ಮಧ್ಯಾಹ್ನಗಳಲ್ಲಿ ಕುಳಿತು ಹೊಸೆಯುವ ಪದ್ಧತಿ ಇನ್ನೂ ಉಳಿದಿರುವಲ್ಲಿ ಅದನ್ನು ಖಂಡಿತ ಉಳಿಸಿಕೊಳ್ಳಿ. ವ್ರತದ ಕಥೆಗಳು ಮಕ್ಕಳ ಕಿವಿಗೆ ಬೀಳುವುದು ಆ ಹೊತ್ತಿನಲ್ಲೇ.

ಬೆಲ್ಲವನ್ನು ಮಂಡ್ಯದ ಆಲೆಮನೆಯಿಂದ ಬಂದದ್ದನ್ನೇ ನೋಡಿ ಕೊಳ್ಳಬಹುದು. ತೀರ ಬೆಳ್ಳಗೆ ಹೊಳೆಯುವ ಅಚ್ಚಿಗಿಂತ ಕಂದು ಬಣ್ಣದ ಬೆಲ್ಲ ನೈವೇದ್ಯಕ್ಕೆ ಮೇಲು, ಏಕೆಂದರೆ ಬಣ್ಣ ತಿಳಿಯಾಗಿಸಲು ರಾಸಾಯನಿಕ ಬಳಸುವುದುಂಟು. ವೀಳ್ಯದೆಲೆಗೆ ಮೈಸೂರಿನ ಚಿಗುರೆಲೆ ಇದೆ, ಬಾಳೆಹಣ್ಣಿಗೆ ನಂಜನಗೂಡಿನ ರಸಬಾಳೆ ಸಿಕ್ಕರೆ ಅದೃಷ್ಟ. ಇಲ್ಲವಾದರೆ ಏಲಕ್ಕಿ ಬಾಳೆ. ಹೂವಿಗೆ ದೇವರಾಜ ಮಾರುಕಟ್ಟೆಯಿದೆ. ವರಮಹಾಲಕ್ಷ್ಮಿಯ ಹಿಂದಿನ ದಿನ ಅಲ್ಲಿ ಮಲ್ಲಿಗೆ, ಕನಕಾಂಬರಗಳ ಬೆಲೆ ಏರುವುದು ಪ್ರತಿ ವರ್ಷದ ಮಾತು. ಸೇವಂತಿಗೆಯನ್ನು ಎರಡು ದಿನ ಮುಂಚೆ ಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂಪಾದ ಜಾಗದಲ್ಲಿಟ್ಟರೆ ಬಾಡುವುದಿಲ್ಲ. ತಾವರೆ ಮೊಗ್ಗು ಮತ್ತು ಮಲ್ಲಿಗೆಯನ್ನು ಮಾತ್ರ ಹಿಂದಿನ ಸಂಜೆಯೇ ತರಬೇಕು.

ಸಂಕಲ್ಪ ಮತ್ತು ನಿತ್ಯಪೂಜೆ

ಪಾಡ್ಯದ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಹೊಸಿಲಿಗೆ ಅರಿಶಿನ–ಕುಂಕುಮ ಇಟ್ಟು, ಬಾಗಿಲಿಗೆ ರಂಗೋಲಿ ಹಾಕಿ, ದೀಪ ಹಚ್ಚಿ ಸಂಕಲ್ಪ ಮಾಡಬೇಕು. ಸಂಕಲ್ಪದಲ್ಲಿ ಆ ವರ್ಷದ ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಶ್ರಾವಣ ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರಗಳನ್ನು ಹೇಳಿ, ತಮ್ಮ ಗೋತ್ರ–ಹೆಸರುಗಳೊಂದಿಗೆ ಏನನ್ನು, ಎಷ್ಟು ದಿನ, ಯಾವ ರೀತಿಯಲ್ಲಿ ಮಾಡುತ್ತೇವೆ ಎಂಬುದನ್ನು ದೇವರಿಗೆ ಅರಿಕೆ ಮಾಡಿಕೊಂಡು, ಅಕ್ಷತೆಯೊಡನೆ ನೀರನ್ನು ಬಿಡುವುದು ಕ್ರಮ. ಸಂಸ್ಕೃತ ಬಾರದವರು ಕನ್ನಡದಲ್ಲೇ ಹೇಳಿಕೊಂಡರೂ ಸಲ್ಲುತ್ತದೆ. ‘ಯಥಾಶಕ್ತಿ’ ಎಂಬ ಮಾತು ಸಂಕಲ್ಪದೊಳಗೇ ಇದೆ. ಆದ್ದರಿಂದ ಮಾಡಲಾಗದ್ದನ್ನು ಅಲ್ಲಿ ನುಡಿಯಬೇಡಿ. ನಾಲ್ಕು ಸೋಮವಾರ ನಕ್ತ ಎಂದಷ್ಟೇ ಹೇಳಿದರೆ ಅಷ್ಟೇ ಋಣ.

ನಿತ್ಯದ ದಿನಗಳಲ್ಲಿ ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯಗಳ ಪಂಚೋಪಚಾರ ಸಾಕು. ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ವ್ರತದ ದಿನಗಳಲ್ಲಿ ಷೋಡಶೋಪಚಾರ: ಆವಾಹನ, ಆಸನ, ಪಾದ್ಯ, ಅರ್ಘ್ಯ, ಆಚಮನ, ಸ್ನಾನ, ವಸ್ತ್ರ, ಯಜ್ಞೋಪವೀತ, ಗಂಧ, ಪುಷ್ಪ, ಧೂಪ, ದೀಪ, ನೈವೇದ್ಯ, ತಾಂಬೂಲ, ನೀರಾಜನ, ಪ್ರದಕ್ಷಿಣ–ನಮಸ್ಕಾರ. ಎಲ್ಲ ಪೂಜೆಗೂ ಮೊದಲು ಅರಿಶಿನದ ಗಣಪತಿಯನ್ನು ಮಾಡಿ ಗರಿಕೆಯಿಟ್ಟು ಪೂಜಿಸುವುದನ್ನು ಮರೆಯಬಾರದು. ರಾಹುಕಾಲ ನೋಡುವವರು ಸೋಮವಾರ ಬೆಳಿಗ್ಗೆ 7.30ರಿಂದ 9, ಮಂಗಳವಾರ ಮಧ್ಯಾಹ್ನ 3ರಿಂದ 4.30, ಶುಕ್ರವಾರ 10.30ರಿಂದ 12, ಶನಿವಾರ 9ರಿಂದ 10.30ರ ಅವಧಿಯನ್ನು ಬಿಟ್ಟು ಪೂಜೆ ಆರಂಭಿಸಬೇಕು. ಕಚೇರಿಗೆ ಹೋಗುವವರಿಗೆ ಬೆಳಗಿನ ಆರರೊಳಗಿನ ಹೊತ್ತೇ ಅನುಕೂಲ.

ಸೋಮವಾರ

ಬೆಳಿಗ್ಗೆ ಲಿಂಗಕ್ಕೆ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆಗಳ ಪಂಚಾಮೃತ ಅಭಿಷೇಕ ಮಾಡಿ, ಶುದ್ಧ ನೀರೆರೆದು, ಮೂರು ದಳದ ಬಿಲ್ವವನ್ನು ಅರ್ಪಿಸಿ, ಹಗಲು ಉಪವಾಸವಿದ್ದು, ಸಂಜೆ ದೀಪ ಹಚ್ಚಿದ ಮೇಲೆ ಮತ್ತೊಮ್ಮೆ ಪೂಜಿಸಿ ಊಟ ಮಾಡಬೇಕು. ಬಿಲ್ವದ ದಳ ಹರಿದಿರಬಾರದು, ಹುಳು ತಿಂದಿರಬಾರದು. ಸೋಮವಾರ ಬಿಲ್ವವನ್ನು ಮರದಿಂದ ಕೀಳುವುದಿಲ್ಲವಾದ್ದರಿಂದ ಭಾನುವಾರವೇ ಕಿತ್ತಿಡಿ. ಮೈಸೂರಿನವರಿಗೆ ಅರಮನೆ ಕೋಟೆಯೊಳಗಿನ ತ್ರಿನೇಶ್ವರಸ್ವಾಮಿ ಹತ್ತಿರ. ನಂಜನಗೂಡಿಗೆ ಹೋಗುವವರು ಬೆಳಗಿನ ಮೊದಲ ರೈಲನ್ನೋ ಬಸ್ಸನ್ನೋ ಹಿಡಿದರೆ ಜನ ಸೇರುವ ಮುನ್ನ ಶ್ರೀಕಂಠೇಶ್ವರನ ದರ್ಶನವಾಗುತ್ತದೆ.

ನದಿಸ್ನಾನದ ಬಗ್ಗೆ ಒಂದು ಎಚ್ಚರಿಕೆ. ಶ್ರಾವಣ ನಮ್ಮಲ್ಲಿ ಹೊಳೆ ತುಂಬುವ ಕಾಲ. ಕಬಿನಿಯಿಂದ ನೀರು ಬಿಟ್ಟಾಗ ನಂಜನಗೂಡಿನ ಸ್ನಾನಘಟ್ಟ, ಹದಿನಾರು ಕಾಲು ಮಂಟಪಗಳು ಮುಳುಗುತ್ತವೆ. ಕೃಷ್ಣರಾಜಸಾಗರದ ಮಟ್ಟ ಗರಿಷ್ಠವಾದ 124.80 ಅಡಿಯ ಸಮೀಪ ಬಂದಾಗ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ, ಸಂಗಮ, ಗಂಜಾಂನ ನಿಮಿಷಾಂಬ ದೇಗುಲದ ಮೆಟ್ಟಿಲುಗಳ ಬಳಿ ಸೆಳೆತ ಹೆಚ್ಚುತ್ತದೆ. ಅಂಥ ದಿನ ದಡದಲ್ಲೇ ನಿಂತು ತಂಬಿಗೆಯಲ್ಲಿ ನೀರು ತೆಗೆದು ತಲೆಗೆ ಪ್ರೋಕ್ಷಿಸಿಕೊಂಡರೆ ಸ್ನಾನದ ಫಲ ಬಂದಂತೆಯೇ ಎಂದು ತಿಳಿಯಿರಿ. ಮಕ್ಕಳನ್ನು ನೀರಿಗಿಳಿಸಬೇಡಿ.

ಮಂಗಳವಾರದ ಮಂಗಳ ಗೌರಿ

ಮದುವೆಯಾದ ವರ್ಷದಿಂದ ಐದು ವರ್ಷ, ಶ್ರಾವಣದ ಪ್ರತಿ ಮಂಗಳವಾರ ನಡೆಯುವ ವ್ರತವಿದು. ಮೊದಲ ವರ್ಷ ತವರುಮನೆಯಲ್ಲಿ, ಆಮೇಲಿನವು ಗಂಡನ ಮನೆಯಲ್ಲಿ. ಇಲ್ಲಿ ಎಲ್ಲಕ್ಕೂ ಹದಿನಾರರ ಲೆಕ್ಕ: ಹದಿನಾರು ಎಳೆಯ ಬತ್ತಿ, ಹದಿನಾರು ಗಂಟಿನ ದಾರ, ಹದಿನಾರು ಬಗೆಯ ಪತ್ರೆ. ಪತ್ರೆ ಅಷ್ಟು ಬಗೆ ಸಿಗದಿದ್ದರೆ ಸಿಕ್ಕಷ್ಟರ ಜೊತೆಗೆ ಅಕ್ಷತೆ ಸೇರಿಸಿ ಹದಿನಾರು ಸಲ ಅರ್ಪಿಸಬಹುದು.

ತಂಬಿಟ್ಟಿನ ದೀಪ ಈ ಪೂಜೆಯ ಜೀವಾಳ. ಎರಡು ಲೋಟ ಅಕ್ಕಿಯನ್ನು ತೊಳೆದು ಒಂದು ಗಂಟೆ ನೆನೆಸಿ, ಬಸಿದು, ಬಿಳಿಯ ಬಟ್ಟೆಯ ಮೇಲೆ ನೆರಳಲ್ಲಿ ಹರಡಿ. ಕೈಗೆ ಅಂಟದಷ್ಟು ಆರಿ, ಒಳಗೆ ಪಸೆ ಇನ್ನೂ ಉಳಿದಿರುವಾಗಲೇ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಬೇಕು. ಅದಕ್ಕೆ ಮುಕ್ಕಾಲರಿಂದ ಒಂದು ಲೋಟದಷ್ಟು ಪುಡಿ ಬೆಲ್ಲ, ಏಲಕ್ಕಿ ಸೇರಿಸಿ ಅಂಗೈಯಿಂದ ಒತ್ತಿ ನಾದಿದರೆ ಬೆಲ್ಲವೇ ಪಸೆ ಬಿಟ್ಟು ಉಂಡೆಯಾಗುತ್ತದೆ. ಆಗದಿದ್ದರೆ ಒಂದೆರಡು ಚಮಚ ಹಾಲು ಸಾಕು. ನೀರು ಹಾಕಿದರೆ ದೀಪ ಕುಸಿಯುತ್ತದೆ. ಉಂಡೆಯ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ, ತುಪ್ಪದಲ್ಲಿ ಅದ್ದಿದ ಬತ್ತಿಯಿಟ್ಟು ಹಚ್ಚಿ. ಕಥೆ ಓದುವಾಗ, ತುಪ್ಪ ಸವರಿದ ಮೊಗಚೆಕೈಯನ್ನು ವ್ರತ ಹಿಡಿದವಳು ದೀಪಗಳ ಮೇಲೆ ಹಿಡಿದಿರಬೇಕು. ಕಥೆ ಮುಗಿಯುವ ಹೊತ್ತಿಗೆ ಅದರಲ್ಲಿ ಕೂಡುವ ಕಾಡಿಗೆಯನ್ನು ಮೊದಲು ದೇವಿಗೆ ಹಚ್ಚಿ, ಆಮೇಲೆ ತಾನು ಹಚ್ಚಿಕೊಂಡು, ಬಂದ ಮುತ್ತೈದೆಯರಿಗೆ ಕೊಡಬೇಕು. ಮೊಗಚೆಕೈಯ ಹಿಡಿಗೆ ಬಟ್ಟೆ ಸುತ್ತಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕಥೆ ಉದ್ದವಾಗಿದೆ, ಕಬ್ಬಿಣ ಬೇಗ ಕಾಯುತ್ತದೆ. ದೀಪ ತಾನಾಗಿ ಆರಿದ ಮೇಲೆ ಕರಕಲಾದ ಭಾಗವನ್ನು ತೆಗೆದು ತಂಬಿಟ್ಟನ್ನು ಪ್ರಸಾದವಾಗಿ ಹಂಚುವುದು.

ಬುಧವಾರ ಮತ್ತು ಗುರುವಾರ ಬುಧ–ಬೃಹಸ್ಪತಿಯರನ್ನು ಪೂಜಿಸುವ ಪದ್ಧತಿ ಕೆಲವು ಮನೆಗಳಲ್ಲಿದೆ. ಇಲ್ಲದವರು ಹೊಸದಾಗಿ ಆರಂಭಿಸುವ ಅಗತ್ಯವಿಲ್ಲ.

ವರಮಹಾಲಕ್ಷ್ಮಿ

ಹುಣ್ಣಿಮೆಗೆ ಮುಂಚಿನ ಶುಕ್ರವಾರ, ಸಾಮಾನ್ಯವಾಗಿ ಎರಡನೆಯದು, ಈ ಪೂಜೆಗೆ ಗೊತ್ತಾದ ದಿನ. ಕುಂಡಿನ ನಗರದ ಚಾರುಮತಿಗೆ ಲಕ್ಷ್ಮಿ ಕನಸಿನಲ್ಲಿ ಬಂದು ವ್ರತ ಹೇಳಿದ ಕಥೆ ಎಲ್ಲರಿಗೂ ತಿಳಿದದ್ದೇ. ಆ ಕಥೆಯಲ್ಲಿ ಗಮನಿಸಬೇಕಾದ ಮಾತೆಂದರೆ ಚಾರುಮತಿ ಆ ವ್ರತವನ್ನು ಒಬ್ಬಳೇ ಮಾಡಲಿಲ್ಲ, ನೆರೆಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಮಾಡಿದಳು. ಅರಿಶಿನ–ಕುಂಕುಮಕ್ಕೆ ಬೀದಿಯವರನ್ನೆಲ್ಲ ಕರೆಯುವುದು ಹಬ್ಬದ ಹೃದಯ. ಅಲಂಕಾರದ ಪೈಪೋಟಿಯಲ್ಲಿ, ದೇವಿಯ ಮುಂದೆ ನೋಟುಗಳನ್ನು ಜೋಡಿಸುವ ಸಂಭ್ರಮದಲ್ಲಿ, ಬಡ ನೆರೆಯವರು ಒಳಗೆ ಬರಲು ಸಂಕೋಚಪಡುವಂತಾದರೆ ವ್ರತದ ಮೂಲವೇ ಮರೆತಂತೆ.

ಗುರುವಾರ ರಾತ್ರಿಯೇ ಮಂಟಪ ಕಟ್ಟಿ, ಬಾಳೆಕಂದು–ಮಾವಿನ ತೋರಣಗಳನ್ನು ಸಿದ್ಧಪಡಿಸಿ, ಕಳಶಕ್ಕೆ ಸೀರೆ ಉಡಿಸಿ ಇಟ್ಟುಕೊಂಡರೆ ಶುಕ್ರವಾರ ಬೆಳಿಗ್ಗೆ ಧಾವಂತವಿರುವುದಿಲ್ಲ. ತಟ್ಟೆಯಲ್ಲಿ ಅಥವಾ ಬಾಳೆಲೆಯ ಮೇಲೆ ಒಂದು ಸೇರು ಅಕ್ಕಿ ಹರಡಿ, ಅದರ ಮೇಲೆ ಅಷ್ಟದಳ ಬರೆದು, ಬೆಳ್ಳಿ ಅಥವಾ ತಾಮ್ರದ ಚೊಂಬನ್ನಿಡಿ. ಚೊಂಬಿನೊಳಗೆ ನೀರು ಅಥವಾ ಅಕ್ಕಿ, ಯಾವುದು ಮನೆಯ ಪದ್ಧತಿಯೋ ಅದು. ಜೊತೆಗೆ ಅರಿಶಿನದ ಕೊಂಬು, ಅಡಿಕೆ, ಒಂದು ನಾಣ್ಯ, ಖರ್ಜೂರ, ದ್ರಾಕ್ಷಿ. ಬಾಯಿಗೆ ಐದು ಮಾವಿನ ಎಲೆ ಅಥವಾ ವೀಳ್ಯದೆಲೆ, ಅದರ ಮೇಲೆ ಅರಿಶಿನ ಬಳಿದ, ಜುಟ್ಟಿರುವ ತೆಂಗಿನಕಾಯಿ. ಮುಖವಾಡ ಇದ್ದರೆ ಕಟ್ಟಬಹುದು, ಇಲ್ಲದಿದ್ದರೆ ಕಾಯಿಗೇ ಕಣ್ಣು–ಮೂಗು ಬರೆಯುವುದು ಹಳೆಯ ರೂಢಿ. ಸೀರೆಯ ನೆರಿಗೆಗಳು ದೀಪದಿಂದ ಒಂದು ಮೊಳವಾದರೂ ದೂರವಿರಲಿ.

ಬೆಳಿಗ್ಗೆ ಗಣಪತಿ ಪೂಜೆ, ಕಳಶ ಪೂಜೆ, ಲಕ್ಷ್ಮಿಯ ಆವಾಹನೆ, ಅಂಗಪೂಜೆ, ಅಷ್ಟೋತ್ತರ, ಆಮೇಲೆ ದೋರದ ಪೂಜೆ. ದೋರ ಒಂಬತ್ತು ಗಂಟಿನದೋ ಹನ್ನೆರಡು ಗಂಟಿನದೋ ಎಂಬುದನ್ನು ಅತ್ತೆಯವರಲ್ಲಿ ಕೇಳಿ ಹಾಗೆಯೇ ಮಾಡಿ. ಪೂಜೆಯಾದ ದೋರವನ್ನು ಬಲಗೈಗೆ ಕಟ್ಟಿಕೊಂಡು ಕಥೆ ಓದಿ, ನೈವೇದ್ಯ ಮಾಡಿ, ಮಂಗಳಾರತಿ ಬೆಳಗಬೇಕು. ನೈವೇದ್ಯಕ್ಕೆ ಒಬ್ಬಟ್ಟು, ಕೋಸಂಬರಿ, ಪುಳಿಯೋಗರೆ, ಪಾಯಸ ಸಾಮಾನ್ಯ. ಹೂರಣವನ್ನು ಹಿಂದಿನ ದಿನವೇ ರುಬ್ಬಿಡುವವರಿದ್ದಾರೆ, ಆದರೆ ಮಡಿಯಲ್ಲಿ ಅಡುಗೆ ಮಾಡುವ ಮನೆಗಳಲ್ಲಿ ಅದು ಸಲ್ಲದು. ಕೈಸಾಲದಿದ್ದರೆ ಒಬ್ಬಟ್ಟು ಬಿಟ್ಟು ಹೆಸರುಬೇಳೆ ಪಾಯಸ ಮಾಡಿದರೂ ದೇವಿ ತೃಪ್ತಳಾಗುತ್ತಾಳೆ. ಪೂಜೆ ಮುಗಿಯುವವರೆಗೆ ಉಪವಾಸ. ಆಮೇಲೆ ಊಟ, ರಾತ್ರಿ ಫಲಾಹಾರ. ಸಂಜೆ ಬಂದವರಿಗೆ ತಾಂಬೂಲ, ರವಿಕೆ ಕಣ, ನೆನೆಸಿದ ಕಡಲೆ, ಹೂವು ಕೊಟ್ಟು ಆರತಿ ಎತ್ತಿಸುವುದು.

ಶನಿವಾರ ಬೆಳಿಗ್ಗೆ ಮತ್ತೆ ದೀಪ ಹಚ್ಚಿ, ಹಾಲು–ಸಕ್ಕರೆ ನೈವೇದ್ಯ ಮಾಡಿ, ಕಳಶವನ್ನು ಸ್ವಲ್ಪ ಉತ್ತರಕ್ಕೆ ಸರಿಸಿದರೆ ವಿಸರ್ಜನೆಯಾದಂತೆ. ಕಳಶದ ನೀರನ್ನು ಮನೆಗೆಲ್ಲ ಪ್ರೋಕ್ಷಿಸಿ ಉಳಿದದ್ದನ್ನು ಗಿಡಕ್ಕೆ ಹಾಕಿ. ಅಕ್ಕಿ ಮತ್ತು ಕಾಯಿಯನ್ನು ಸಿಹಿ ಅಡುಗೆಗೆ ಬಳಸಿ.

ಶ್ರಾವಣ ಶನಿವಾರ

ಮಂಡ್ಯ ಸೀಮೆಯಲ್ಲಿ ಶ್ರಾವಣವೆಂದರೆ ಶನಿವಾರವೇ. ತಿಮ್ಮಪ್ಪನ ಒಕ್ಕಲಿನ ಮನೆಗಳಲ್ಲಿ ನಸುಕಿಗೇ ಎದ್ದು, ಸಾರಿಸಿ ರಂಗೋಲಿ ಹಾಕಿ, ಗಂಡಸರು–ಹುಡುಗರು ಸ್ನಾನ ಮಾಡಿ ಹಣೆಗೆ ನಾಮ ಧರಿಸುತ್ತಾರೆ. ನಾಮ ಬಳಿದು ತುಳಸಿ ಸುತ್ತಿದ ಚೊಂಬನ್ನು ಹಿಡಿದು, ಗೋವಿಂದನ ನಾಮ ಕೂಗುತ್ತ ಮೂರು ಅಥವಾ ಐದು ಮನೆಗಳಿಗೆ ಹೋಗಿ ಪಡಿ ಬೇಡುವುದು ಮುಂದಿನ ಹೆಜ್ಜೆ. ಎಷ್ಟೇ ಎಕರೆ ಗದ್ದೆಯಿದ್ದವನೂ ಅಂದು ದೇವರ ಹೆಸರಿನಲ್ಲಿ ಬೇಡಬೇಕು. ಆ ಅಕ್ಕಿ ಬೆರೆತ ಮೇಲೆಯೇ ತಳಿಗೆಯ ಅನ್ನವಾಗುತ್ತದೆ. ಈಗ ಪಟ್ಟಣಗಳಲ್ಲಿ ಹುಡುಗರು ನಾಚಿಕೊಂಡು ಈ ಪದ್ಧತಿಯನ್ನು ಬಿಡುತ್ತಿರುವುದು ನಿಜಕ್ಕೂ ನಷ್ಟ. ಪರಿಚಯದ ಎರಡು ಮನೆಗಾದರೂ ಕರೆದುಕೊಂಡು ಹೋಗಿ ಕಲಿಸಬೇಕು.

ಹರಿಸೇವೆ ಇಟ್ಟುಕೊಂಡ ಶನಿವಾರ ದಾಸಯ್ಯನವರನ್ನು ವಾರ ಮೊದಲೇ ಕರೆದಿರಬೇಕು, ಏಕೆಂದರೆ ಎಲ್ಲ ಮನೆಗಳೂ ಇದೇ ನಾಲ್ಕೈದು ಶನಿವಾರಗಳಿಗೆ ಕಾಯುತ್ತಿರುತ್ತವೆ. ಅವರು ಶಂಖ, ಜಾಗಟೆ, ಬವನಾಸಿ (ಭಿಕ್ಷಾಪಾತ್ರೆ), ಗರುಡಗಂಬದ ದೀಪದೊಂದಿಗೆ ಬರುತ್ತಾರೆ. ತಿಮ್ಮಪ್ಪನ ಪಟದ ಮುಂದೆ ಬಾಳೆಲೆಯ ಮೇಲೆ ಅನ್ನ, ಬೇಳೆಸಾರು, ಪಲ್ಯ, ಪಾಯಸ, ವಡೆಗಳ ಎಡೆಯಿಟ್ಟು, ಗರುಡಗಂಬದ ದೀಪ ಹಚ್ಚಿ, ಶಂಖ–ಜಾಗಟೆಗಳ ನಡುವೆ ಗೋವಿಂದ ಹೇಳಿ, ಕಾಯಿ ಒಡೆದು ಮಂಗಳಾರತಿ ಮಾಡುತ್ತಾರೆ. ಬವನಾಸಿಗೆ ಎಡೆ ತುಂಬಿ, ದಾಸಯ್ಯನವರಿಗೆ ಬಡಿಸಿದ ಮೇಲೆಯೇ ಮನೆಯವರ ಊಟ. ತಿರುಪತಿಗೆ ಹರಕೆ ಇರುವವರು ಅರಿಶಿನದ ಬಟ್ಟೆಯಲ್ಲಿ ನಾಣ್ಯ ಕಟ್ಟಿ ಮುಡಿಪು ಇಡುವುದೂ ಅಂದೇ. ಈ ಸೀಮೆಯ ಗುಡ್ಡಗಳ ಪೈಕಿ ಶ್ರೀರಂಗಪಟ್ಟಣದ ಬಳಿಯ ಕರಿಘಟ್ಟದ ಶ್ರೀನಿವಾಸನಿಗೆ ಈ ಶನಿವಾರಗಳಂದು ಹತ್ತುವವರು ಬಹಳ. ಮಳೆಗೆ ಮೆಟ್ಟಿಲು ಜಾರುತ್ತದೆ. ಉಪವಾಸವಿರುವ ಹಿರಿಯರನ್ನು ವಾಹನದ ದಾರಿಯಲ್ಲೇ ಕರೆದೊಯ್ಯಿರಿ.

ತಿಥಿಗೆ ಬರುವ ಹಬ್ಬಗಳು

ಶುದ್ಧ ಚೌತಿ ಮತ್ತು ಪಂಚಮಿಯಂದು ನಾಗನಿಗೆ ತನಿ ಎರೆಯುವುದು. ಪಂಚಮಿಯ ದಿನ ಕಾವಲಿ ಇಡುವುದಿಲ್ಲ, ಕರಿಯುವುದಿಲ್ಲ, ಹೆಚ್ಚುವುದಿಲ್ಲ. ಚಿಗಳಿ, ತಂಬಿಟ್ಟು, ಆವಿಯಲ್ಲಿ ಬೇಯಿಸಿದ ಕಡುಬು ನೈವೇದ್ಯ. ಅಕ್ಕ–ತಂಗಿಯರು ಅಣ್ಣ–ತಮ್ಮಂದಿರ ಬೆನ್ನಿಗೆ ಹಾಲೆರೆದು ಹರಸುವ ಹಳೆ ಮೈಸೂರಿನ ಪದ್ಧತಿಯೂ ಅಂದೇ. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ. ಆದ್ದರಿಂದ ಹುತ್ತದ ಕಣ್ಣಿಗೆ ಲೀಟರುಗಟ್ಟಲೆ ಸುರಿಯದೆ, ನಾಗರಕಲ್ಲಿಗೆ ಒಂದು ಉದ್ಧರಣೆ ಎರೆದು, ಉಳಿದ ಹಾಲನ್ನು ಮಕ್ಕಳಿಗೆ ಕೊಡುವುದು ಸರಿ.

ಜನಿವಾರ ಬದಲಿಸುವ ಉಪಾಕರ್ಮ ಋಗ್ವೇದಿಗಳಿಗೆ ಶ್ರವಣ ನಕ್ಷತ್ರಕ್ಕೆ, ಯಜುರ್ವೇದಿಗಳಿಗೆ ಹುಣ್ಣಿಮೆಗೆ. ಬಹುಳ ಪಾಡ್ಯ, ಬಿದಿಗೆ, ತದಿಗೆಗಳಂದು, 1671ರಲ್ಲಿ ಮಂತ್ರಾಲಯದಲ್ಲಿ ವೃಂದಾವನಸ್ಥರಾದ ರಾಘವೇಂದ್ರಸ್ವಾಮಿಗಳ ಆರಾಧನೆ. ಬಹುಳ ಅಷ್ಟಮಿಯಂದು ಕೃಷ್ಣನ ಹಬ್ಬ: ಹಗಲು ಉಪವಾಸ, ರಾತ್ರಿ ಪೂಜೆ, ಚಂದ್ರೋದಯಕ್ಕೆ ಅರ್ಘ್ಯ, ಚಕ್ಕುಲಿ–ಕೋಡುಬಳೆ–ಉಂಡೆಗಳ ನೈವೇದ್ಯ. ಮೇಲುಕೋಟೆಯ ಮತ್ತು ಮೈಸೂರಿನ ಶ್ರೀವೈಷ್ಣವರ ಶ್ರೀಜಯಂತಿ ಸೌರಮಾನದ ಸಿಂಹಮಾಸದ ರೋಹಿಣಿಯನ್ನು ನೋಡಿ ಬರುವುದರಿಂದ ಕೆಲವು ವರ್ಷ ದಿನ ಬೇರೆಯಾಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ, ಅರಮನೆ ಆವರಣದ ಪ್ರಸನ್ನ ಕೃಷ್ಣಸ್ವಾಮಿ ದೇವಸ್ಥಾನದ ದರ್ಶನಕ್ಕೆ ಇದು ತಕ್ಕ ಸಂದರ್ಭ.

ಅಡ್ಡಿ ಬಂದರೆ

ಮುಟ್ಟಾದರೆ, ಸಾವಿನ ಸೂತಕ ಅಥವಾ ಹೆರಿಗೆಯ ವೃದ್ಧಿ ಬಂದರೆ ವರಮಹಾಲಕ್ಷ್ಮಿಯನ್ನು ಶ್ರಾವಣದ ಉಳಿದ ಯಾವುದಾದರೂ ಶುಕ್ರವಾರ, ಅದೂ ಆಗದಿದ್ದರೆ ನವರಾತ್ರಿಯ ಶುಕ್ರವಾರ ಮಾಡುವ ರೂಢಿಯಿದೆ. ಮಂಗಳ ಗೌರಿಯ ವಾರ ತಪ್ಪಿದರೆ ಆ ವಾರ ತಾಯಿಯೋ ಅತ್ತೆಯೋ ದೀಪ ಹಚ್ಚಿ, ವ್ರತಸ್ಥೆ ದೂರದಿಂದ ಕಥೆ ಕೇಳಿದರೆ ಸಾಕೆಂದು ಹಿರಿಯರು ಹೇಳುತ್ತಾರೆ. ಮರೆತು ಏನಾದರೂ ತಿಂದುಬಿಟ್ಟರೆ ನೆನಪಾದ ಕ್ಷಣದಿಂದ ನೇಮವನ್ನು ಮುಂದುವರಿಸಿ, ಸಂಜೆ ಪೂಜೆಯಲ್ಲಿ ಕ್ಷಮೆ ಬೇಡಿಕೊಳ್ಳಿ. ಒಂದು ದಿನ ತಪ್ಪಿತೆಂದು ಉಳಿದ ವಾರಗಳನ್ನೂ ಬಿಡುವುದಕ್ಕೆ ಯಾವ ಶಾಸ್ತ್ರವೂ ಹೇಳಿಲ್ಲ.

ಮುಗಿಸುವ ಕ್ರಮ

ಕೊನೆಯ ವಾರದ ಪೂಜೆಯ ದಿನ ಯಥಾಶಕ್ತಿ ದಾನ ಮಾಡಬೇಕು: ಅಕ್ಕಿ, ಬೇಳೆ, ಬೆಲ್ಲ, ತರಕಾರಿ, ದಕ್ಷಿಣೆ. ಮಳೆಗಾಲವಾದ್ದರಿಂದ ಕೊಡೆ, ಕಂಬಳಿ, ಹೊದಿಕೆಗಳನ್ನು ಕೊಟ್ಟರೆ ಪಡೆದವರಿಗೆ ನಿಜವಾದ ಉಪಯೋಗ. ಮಂಗಳ ಗೌರಿಯ ಐದನೆಯ ವರ್ಷದವರು ಪುರೋಹಿತರನ್ನು ಕರೆಸಿ ಹೋಮದೊಂದಿಗೆ ಉದ್ಯಾಪನೆ ಮಾಡಿ, ತಾಯಿಗೆ ಮೊದಲ ಬಾಗಿನ ಕೊಡುತ್ತಾರೆ. ವ್ರತದ ದೋರಗಳನ್ನೂ ಒಣಗಿದ ಹೂ–ಪತ್ರೆಗಳನ್ನೂ ಹೊಳೆಗೆ ಹಾಕದೆ ತುಳಸಿ ಅಥವಾ ತೆಂಗಿನ ಬುಡದಲ್ಲಿ ಮಣ್ಣು ಮುಚ್ಚಿ. ಪ್ಲಾಸ್ಟಿಕ್ ದಾರ, ಹೊಳೆಯುವ ಕಾಗದಗಳನ್ನು ಮೊದಲೇ ಬೇರ್ಪಡಿಸಿ. ಬೆನಕನ ಅಮಾವಾಸ್ಯೆಯಂದು ಪಾತ್ರೆಗಳನ್ನು ಬೆಳಗಿ ಒರೆಸಿದ ಮೇಲೆ ಪೆಟ್ಟಿಗೆಗೆ ತುಂಬಬೇಡಿ. ಭಾದ್ರಪದದ ತದಿಗೆಗೆ ಗೌರಿ, ಚೌತಿಗೆ ಗಣಪ ಬರುವುದರಿಂದ ಅವೆಲ್ಲ ಮತ್ತೆ ಬೇಕು. ಬಾಗಿನದ ಮೊರಗಳನ್ನೂ ಆ ಅಮಾವಾಸ್ಯೆಯ ಸಂತೆಯಲ್ಲೇ ಕೊಂಡು ಅರಿಶಿನ ಬಳಿದು ಒಣಗಿಸಿಟ್ಟುಕೊಳ್ಳಿ.